ರಟ್ಟು ಮುಚ್ಚಿದ ಸಾಲು

ರೊಳ್ಳದಿಂದ ರತ್ನಗಿರಿಗೆ ಹೋಗುವ ದಾರಿಯಲ್ಲಿ, ಕೋಟೆಯ ಬುರುಜು ಮೊದಲ ಸಲ ಕಣ್ಣಿಗೆ ಬೀಳುವ ತಿರುವಿನಲ್ಲಿ, ಒಂದು ಉದ್ದನೆಯ ಹಂಚಿನ ಕಟ್ಟಡವಿದೆ. ಗೋಡೆಗೆ ಸುಣ್ಣ, ಕಿಟಕಿಗೆ ಬಲೆ, ಬಾಗಿಲ ಮುಂದೆ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ತೊಟ್ಟಿ. ಆ ತೊಟ್ಟಿಯಲ್ಲಿ ಕಾಲು ಅದ್ದದೆ ಒಳಗೆ ಹೋದವರು ಇಲ್ಲ. ಒಮ್ಮೆ ದೊಡ್ಡ ಅಧಿಕಾರಿಯೊಬ್ಬರು ಬೂಟು ಬಿಚ್ಚಲು ಒಪ್ಪದಿದ್ದಾಗ, ಇಲ್ಲಿನ ಉಸ್ತುವಾರಿ ಈಶ್ವರಮ್ಮ ಆ ಅಧಿಕಾರಿಯನ್ನು ಜಗಲಿಯ ಮೇಲೆ ಕೂರಿಸಿ, ಕಾಫಿ ಕೊಟ್ಟು, ಅಲ್ಲಿಂದಲೇ ಸಾಗಹಾಕಿದ್ದಳು.

ಇದು ಚಾಕಿ ಕೇಂದ್ರ. ರೇಷ್ಮೆ ಹುಳು ಮೊಟ್ಟೆಯೊಡೆದು ಬಂದಾಗ ಇರುವೆಗಿಂತ ಸಣ್ಣದು. ಅದನ್ನು ಹಾಗೇ ರೈತರ ಕೈಗೆ ಕೊಟ್ಟರೆ ಅರ್ಧಕ್ಕರ್ಧ ಉಳಿಯುವುದಿಲ್ಲ. ಎಳೆಯ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕುತ್ತ, ತೇವ ಬಿಸಿ ನೋಡಿಕೊಳ್ಳುತ್ತ, ಎರಡು ಸಲ ಪೊರೆ ಬಿಡುವವರೆಗೆ ಇಲ್ಲಿ ಸಾಕುತ್ತಾರೆ. ಪೊರೆ ಬಿಡುವ ಮುಂಚೆ ಹುಳು ಮೇವು ನಿಲ್ಲಿಸಿ ತಲೆಯೆತ್ತಿ ಸುಮ್ಮನಾಗುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಎರಡನೇ ಜ್ವರದಿಂದ ಎದ್ದ ದಿನವೇ ಹಂಚಿಬಿಡಬೇಕು. ಎದ್ದ ಹುಳುವಿಗೆ ಹೊಟ್ಟೆ ತುಂಬ ಸೊಪ್ಪು ಬೇಕು, ಕೇಂದ್ರದ ತೋಟದಲ್ಲಿ ಅಷ್ಟು ಸೊಪ್ಪು ಇರುವುದಿಲ್ಲ.

ತೊಡಕು ಇರುವುದು ಇಲ್ಲೇ. ಮೊಟ್ಟೆಯನ್ನು, ಅದನ್ನು ತಯಾರಿಸುವ ಬಿತ್ತನೆ ಕೋಠಿಗೆ ಇಪ್ಪತ್ತು ದಿನ ಮೊದಲೇ ಬರೆದು ತರಿಸಬೇಕು. ಒಂದು ಮೊಟ್ಟೆ ಎಂದರೆ ಇವರ ಲೆಕ್ಕದಲ್ಲಿ ಒಂದು ಚಿಟ್ಟೆ ಇಟ್ಟ ಇಡೀ ರಾಶಿ, ಐನೂರು ಮರಿಯ ಹತ್ತಿರ. ಸುತ್ತಲ ಒಂಬತ್ತು ಹಳ್ಳಿಯಲ್ಲಿ ಯಾರಿಗೆ ಎಷ್ಟು ಬೇಕು ಎಂದು ಅಷ್ಟು ಮುಂಚೆ ಯಾರೂ ಬರೆದುಕೊಡುವವರಲ್ಲ. ಹಾಲಿನ ಡೈರಿಯ ಹತ್ತಿರವೋ ಮಡಕಶಿರಾ ಬಸ್ಸಿನಲ್ಲೋ ಸಿಕ್ಕಾಗ, ‘ಈಶ್ವರಮ್ಮ, ಮುಂದಿನ್ ಸಲಕ್ಕೆ ನನ್ಗೊಂದು ನೂರು’ ಎನ್ನುತ್ತಾರೆ. ಅರ್ಜಿ ಎಂದರೆ ಅದೇ. ಅರ್ಧ ಜನ ಅದನ್ನೂ ಹೇಳದೆ ಹಂಚುವ ದಿನ ಬೆಳಿಗ್ಗೆ ಹುಳು ಕಟ್ಟಿಕೊಂಡು ಹೋಗುವ ಬಟ್ಟೆ ಹಿಡಿದು ಬಂದು ನಿಲ್ಲುತ್ತಾರೆ. ಹೆಚ್ಚು ತರಿಸಿದರೆ ಮಿಕ್ಕ ಹುಳುವನ್ನು ಗುಂಡಿಗೆ ಹಾಕಿ ಸುಣ್ಣ ಸುರಿಯಬೇಕು. ಕಡಿಮೆ ತರಿಸಿದರೆ ಯಾರದೋ ತೋಟದ ಸೊಪ್ಪು ಬಲಿತು ಕುರಿಯ ಪಾಲಾಗುತ್ತದೆ.

ಹೀಗಾಗಿ ಅಂದಾಜು ಮಾಡುವವರ ಮೇಲೆ ಎಲ್ಲ ನಿಂತಿತ್ತು, ಮತ್ತು ಹನ್ನೆರಡು ವರ್ಷದಿಂದ ಆ ಅಂದಾಜು ಈಶ್ವರಮ್ಮನದು. ಅವಳ ಅಂದಾಜು ತಪ್ಪುವುದಿಲ್ಲ ಎಂಬುದು ರೊಳ್ಳ, ಅಗಳಿ, ಅಮರಾಪುರದವರೆಗೂ ಹಬ್ಬಿದ ಮಾತು. ನಂಬದವರಿಗೆ ರಿಜಿಸ್ಟರ್ ತೆಗೆದು ತೋರಿಸುತ್ತಿದ್ದರು. ಅಂದಾಜು ಸಾವಿರದ ಇನ್ನೂರು, ಬೇಡಿಕೆ ಸಾವಿರದ ಇನ್ನೂರ ಹತ್ತು. ಅಂದಾಜು ಒಂಬೈನೂರ ಎಂಬತ್ತು, ಬೇಡಿಕೆ ಒಂಬೈನೂರ ಎಪ್ಪತ್ತೈದು. ಪುಟದ ಮೇಲೆ ಪುಟ ಹೀಗೇ.

ಅವಳು ರತ್ನಗಿರಿಯ ಹೆಣ್ಣು. ಏಳನೇ ತರಗತಿಯವರೆಗೆ ಓದಿ, ಹದಿನೆಂಟಕ್ಕೆ ಈ ಊರಿಗೆ ಸೊಸೆಯಾಗಿ ಬಂದಳು. ಗಂಡ ವೆಂಕಟಪ್ಪ ತನ್ನ ಒಂದೂವರೆ ಎಕರೆ ಸೊಪ್ಪಿನ ತೋಟ ಬಿಟ್ಟರೆ ಬೇರೆ ಪ್ರಪಂಚದ ಗೊಡವೆಗೆ ಹೋಗದ ಮನುಷ್ಯ. ಕೇಂದ್ರ ಶುರುವಾದಾಗ ಈಶ್ವರಮ್ಮ ಸೊಪ್ಪು ಹೆಚ್ಚುವ ಕೂಲಿಗೆ ಸೇರಿದಳು. ಕೈಗೆ ಸಿಕ್ಕಿದ ಸೊಪ್ಪನ್ನು ಬೆರಳಿನಿಂದ ಹಿಸುಕಿ, ಇದು ಎಷ್ಟನೇ ದಿನದ ಹುಳುವಿಗೆ ಆಗುತ್ತದೆ ಎಂದು ಹೇಳುತ್ತಿದ್ದಳು. ಹಿಂದಿನ ಮೇಲ್ವಿಚಾರಕ ಹನುಮಂತರಾಯ ನಿವೃತ್ತನಾಗುವ ಹೊತ್ತಿಗೆ ಬೀಗದ ಕೈ ತಾನಾಗಿ ಅವಳ ಸೊಂಟಕ್ಕೆ ಬಂದಿತ್ತು. ಮೀಟಿಂಗಿನಲ್ಲಿ ಗಂಡಸರ ಸಾಲಿನಲ್ಲಿ ಅವಳಿಗೊಂದು ಕುರ್ಚಿ ಇತ್ತು. ಆ ಕುರ್ಚಿಯ ಮೇಲೆ ಅವಳಿಗೆ ಇದ್ದ ಮಮಕಾರ ಮಕ್ಕಳ ಮೇಲೂ ಇತ್ತೋ ಇಲ್ಲವೋ.

ಇನ್ನು ಆ ಅಂದಾಜಿನ ಕಾಲಂ ವಿಷಯ ಹೇಳಿಬಿಡಬೇಕು.

ಉಸ್ತುವಾರಿ ವಹಿಸಿಕೊಂಡ ಮೊದಲ ವರ್ಷ ಅವಳು ಇನ್ನೂರು ಮೊಟ್ಟೆ ಹೆಚ್ಚಿಗೆ ತರಿಸಿಬಿಟ್ಟಳು. ಮನೆಮನೆ ತಿರುಗಿದರೂ ಕೇಳುವವರಿಲ್ಲದೆ, ಎದ್ದು ಮೇವಿಗೆ ತಲೆಯಾಡಿಸುತ್ತಿದ್ದ ಹುಳುವನ್ನು ಗುಂಡಿಗೆ ಸುರಿದಳು. ಮುಂದಿನ ತಿಂಗಳು ತಪಾಸಣೆಗೆ ಬಂದವರು ಅಂದಾಜಿಗೂ ಬೇಡಿಕೆಗೂ ಇದ್ದ ವ್ಯತ್ಯಾಸಕ್ಕೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿ ವಿವರಣೆ ಕೇಳಿದರು. ಅವಳು ಅಳುಮುಖ ಮಾಡಿಕೊಂಡು ಹನುಮಂತರಾಯನ ಮನೆಗೆ ಹೋದಳು. ಅವನು ನಕ್ಕುಬಿಟ್ಟ. “ಆ ಕಾಲಂ ಖಾಲಿ ಬಿಡಮ್ಮ. ಹಂಚಿದ್ ಮೇಲೆ ಬರಿ. ಪೂರ್ತಿ ಒಂದೇ ಬರೀಬೇಡ, ಐದೋ ಹತ್ತೋ ಆಚೆ ಈಚೆ ಇರ್ಲಿ” ಎಂದ. ಅಂದಿನಿಂದ ಅವಳ ರಿಜಿಸ್ಟರಿಗೆ ಕೆಂಪು ಇಂಕು ಬಿದ್ದಿಲ್ಲ.

ಸುಳ್ಳು ಬರೆಯುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಿರಲಿಲ್ಲ. ಕಾಲಂ ಇರುವುದು ತುಂಬಿಸುವುದಕ್ಕೆ, ತುಂಬಿಸಿದಳು. ಹೆಚ್ಚಾದ ಹುಳುವಿಗೆ ಬೇರೆ ಪುಸ್ತಕ, ತರಿಸಿದ ಮೊಟ್ಟೆಯ ಚೀಟಿಗೆ ಬೇರೆ ಡಬ್ಬ. ಮೂರನ್ನೂ ಒಟ್ಟಿಗೆ ಹಿಡಿದು ನೋಡಿದವರಿಲ್ಲ. ವರ್ಷಗಳು ಕಳೆದ ಮೇಲೆ ಅವಳೇ ಆ ಪುಟಗಳನ್ನು ತಿರುವಿ, ಪರವಾಗಿಲ್ಲ, ನನ್ನ ಅಂದಾಜು ಚೆನ್ನಾಗೇ ಇದೆ ಎಂದುಕೊಳ್ಳುವಷ್ಟರ ಮಟ್ಟಿಗೆ ಬಂದಿದ್ದಳು. ಇದನ್ನು ಓದಿ ನಗುವವರು ತಮ್ಮ ಮನೆಯ ಹಳೆಯ ಡೈರಿಯನ್ನು ಒಮ್ಮೆ ತೆಗೆದು ನೋಡಿಕೊಳ್ಳಲಿ.

ಈ ವರ್ಷ ಆಷಾಢದಲ್ಲಿ ಓಬುಲೇಶ್ ಬಂದ. ರಾಯದುರ್ಗದವನು, ಮೂವತ್ತರ ಆಸುಪಾಸು, ಮಾತಿಗೊಂದು ‘ರಿ’. ಏಳು ಚಾಕಿ ಕೇಂದ್ರಗಳ ಒಕ್ಕೂಟದವರು ಅವನನ್ನು ಕರೆಸಿದ್ದರು. ಮೊಟ್ಟೆಯ ಬೇಡಿಕೆಯನ್ನು ಮುಂಚಿತವಾಗಿ ಹೇಳುವ ಒಂದು ಪ್ರೋಗ್ರಾಂ ಅವನು ಮಾಡಿದ್ದ. ತೊಟ್ಟಿಯಲ್ಲಿ ಕಾಲು ಅದ್ದಿ, ಪ್ಯಾಂಟು ಮಡಚಿಕೊಂಡು, ಲ್ಯಾಪ್‌ಟಾಪನ್ನು ತಲೆಯ ಮೇಲೆ ಹೊತ್ತಂತೆ ಎತ್ತಿ ಹಿಡಿದು ಒಳಗೆ ಬಂದ ಅವನನ್ನು ನೋಡಿ ಸೊಪ್ಪು ಹೆಚ್ಚುತ್ತಿದ್ದ ಸರ್ವಮಂಗಳಮ್ಮ ನಕ್ಕಳು. ಈಶ್ವರಮ್ಮ ನಗಲಿಲ್ಲ.

“ಹನ್ನೆರಡ್ ವರ್ಷದಿಂದ ನಾನು ಹೇಳ್ತಾ ಇವ್ನಿ. ನಿನ್ನ ಮಿಷನ್ನು ಬಂದು ಏನ್ ಹೇಳ್ತೈತಪ್ಪ?” ಎಂದಳು.

“ಅದನ್ನ ನೋಡಾಕ ಬಂದೀನ್ರಿ ಅಕ್ಕಾರೆ. ನನ್ನ ಪ್ರೋಗ್ರಾಂ ಚಲೋ ಐತೋ ಇಲ್ಲೋ ನನಗೂ ಗೊತ್ತಿಲ್ರಿ.”

ಆ ಉತ್ತರ ಅವಳಿಗೆ ಹಿಡಿಸಿತು. ರಿಜಿಸ್ಟರ್‌ಗಳನ್ನು ತೆಗೆದುಕೊಟ್ಟಳು. ಅವನು ಎರಡು ದಿನ ಕೂತು ಮೂರು ವರ್ಷದ ಎಪ್ಪತ್ತೆರಡು ಬ್ಯಾಚುಗಳನ್ನೂ, ಅದರ ಹಿಂದಿನ ವರ್ಷದ್ದನ್ನೂ ಲ್ಯಾಪ್‌ಟಾಪಿಗೆ ಇಳಿಸಿದ. ಮೂರನೇ ದಿನ ಪರೀಕ್ಷೆ ಹೇಗೆ ಎಂದು ತೋರಿಸಿದ. ಮೊಟ್ಟೆ ಬರುವ ಪೆಟ್ಟಿಗೆಯ ಒಂದು ರಟ್ಟನ್ನು ಹರಿದು, ರಿಜಿಸ್ಟರಿನ ಪುಟದ ಮೇಲೆ ಅಡ್ಡಲಾಗಿ ಇಟ್ಟ. ರಟ್ಟಿನಿಂದ ಮೇಲಿನ ಹಳೆಯ ಸಾಲುಗಳು ಕಾಣುತ್ತಿದ್ದವು. ಕೆಳಗಿನವು ಮುಚ್ಚಿದ್ದವು.

“ಈ ರಟ್ಟಿನ ಕೆಳಗ ಏನೈತಿ ಅಂತ ಯಾರಿಗೂ ಗೊತ್ತಿಲ್ಲ ಅಂತ ತಿಳ್ಕೊಳ್ರಿ. ಮ್ಯಾಲಿಂದಷ್ಟ ನೋಡಿ ಮುಂದಿನ ಬ್ಯಾಚಿಗೆ ಎಷ್ಟು ಅಂತ ಹೇಳಬೇಕ್ರಿ. ಹೇಳಿದ ಮ್ಯಾಲೆ ರಟ್ಟನ್ನ ಒಂದು ಸಾಲು ಕೆಳಗ ಸರಿಸಾದು. ಎಷ್ಟು ತಪ್ಪಾತು ಬರಕೊಳ್ಳಾದು. ಮತ್ತ ಮುಂದಿಂದು. ಹಿಂಗ ಎಪ್ಪತ್ತೆರಡು ಸಲ.”

“ಅಂಗಾರೆ ಆಗೋಗಿರೋದನ್ನ ಮತ್ತೆ ಮುಂದಕ್ಕೆ ಹೇಳಿಸ್ತೀಯ.”

“ಹೌದ್ರಿ. ಮುಂದಿನ ಮೂರು ವರ್ಷ ಕಾಯಾಕ ಆಗಂಗಿಲ್ಲಲ್ರಿ.”

ಸ್ಪರ್ಧೆಗೆ ಇದ್ದವರು ಮೂವರು. ಒಂದು, ಅವನ ಪ್ರೋಗ್ರಾಂ. ಎರಡು, ರಿಜಿಸ್ಟರಿನಲ್ಲಿ ಬರೆದಿದ್ದ ಈಶ್ವರಮ್ಮನ ಅಂದಾಜು. ಮೂರನೆಯದು ಏನು ಎಂದು ಕೇಳಿದಾಗ ಓಬುಲೇಶ್ ಸ್ವಲ್ಪ ಸಂಕೋಚದಿಂದಲೇ ಹೇಳಿದ. “ಅದು ಏನೂ ಅಲ್ರಿ. ಹ್ವಾದ ವರ್ಷ ಇದ ಬ್ಯಾಚಿಗೆ ಎಷ್ಟಿತ್ತೋ ಈ ವರ್ಷಾನೂ ಅಷ್ಟ ಅಂತ ಕಣ್ಮುಚ್ಚಿ ಹೇಳಾದು. ಅದನ್ನ ಸೋಲಿಸದ ಇದ್ರ ಪ್ರೋಗ್ರಾಮಿಗೆ ಕಿಮ್ಮತ್ತಿಲ್ರಿ.” ಅವನ ಅಪ್ಪ ಭೈರವಾನಿತಿಪ್ಪ ಅಣೆಕಟ್ಟಿನಲ್ಲಿ ನೀರಿನ ಮಟ್ಟ ಬರೆಯುವ ಕೆಲಸದಲ್ಲಿದ್ದರಂತೆ. ನಾಳೆ ಎಷ್ಟಿರುತ್ತದೆ ಎಂದು ಯಾರು ಕೇಳಿದರೂ ‘ಇವತ್ತಿನಷ್ಟ’ ಎನ್ನುತ್ತಿದ್ದರಂತೆ. ವರ್ಷದಲ್ಲಿ ಮುನ್ನೂರು ದಿನ ಅದೇ ಸರಿಯಾಗುತ್ತಿತ್ತಂತೆ. ಇದನ್ನು ಕೇಳಿ ಈಶ್ವರಮ್ಮ, ಅಷ್ಟಕ್ಕೆ ಸಂಬಳ ಬೇರೆ ಕೊಡುತ್ತಿದ್ದರಾ ಎಂದು ಅಣಕಿಸಿದಳು.

ರಟ್ಟು ಒಂದೊಂದೇ ಸಾಲು ಇಳಿಯಿತು. ಈಶ್ವರಮ್ಮ ಮೊದಮೊದಲು ಹೆಮ್ಮೆಯಿಂದ ನೋಡಿದಳು, ಆಮೇಲೆ ಕೆಲಸದ ನೆಪ ಮಾಡಿಕೊಂಡು ಎದ್ದುಹೋದಳು. ಸಂಜೆ ಓಬುಲೇಶ್ ಕರೆದು ಒಂದು ಸಾಲು ತೋರಿಸಿದ. ಎರಡೂವರೆ ವರ್ಷದ ಹಿಂದಿನ ಸಂಕ್ರಾಂತಿ ಬ್ಯಾಚು.

“ಇಲ್ಲಿ ನೋಡ್ರಿ ಅಕ್ಕಾರೆ. ಹ್ವಾದ ವರ್ಷದ ಅಂಕಿ ಸಾವಿರದ ಮುನ್ನೂರ ಹತ್ತು ಅಂತೈತಿ. ಅದು ತಪ್ಪೈತಿ. ನೀವು ಸಾವಿರದ ನೂರ ಎಂಬತ್ತು ಅಂದೀರಿ, ಬೇಡಿಕೆ ಅಷ್ಟ ಐತಿ, ಒಂದೂ ಹೆಚ್ಚಿಲ್ಲ ಕಮ್ಮಿಯಿಲ್ಲ. ಇದು ಹ್ಯಾಂಗ ಗೊತ್ತಾತ್ರಿ ನಿಮಗ?”

ಅವಳು ಸಾಲಿನ ಕೊನೆಯಲ್ಲಿ ತನ್ನದೇ ಕೈಬರಹದಲ್ಲಿದ್ದ ಷರಾ ನೋಡಿದಳು. ‘ಬೊಮ್ಮಯ್ಯ, ೧೫೦, ತಡವಾಗಿ ಕೇಳಿದ್ದರಿಂದ ಕೊಟ್ಟಿಲ್ಲ.’

“ಅಭ್ಯಾಸ” ಎಂದಳು.

ಬೊಮ್ಮಯ್ಯ ತಡವಾಗಿ ಕೇಳಿರಲಿಲ್ಲ. ಆ ವರ್ಷ ಡಿಸೆಂಬರಿನಲ್ಲೇ, ಮಡಕಶಿರಾ ಬಸ್ಸಿನಲ್ಲಿ ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿ, ಸಂಕ್ರಾಂತಿಗೆ ನೂರೈವತ್ತು ಎಂದಿದ್ದ. ಅವಳು ಆಗಲಿ ಎಂದಿದ್ದಳು. ಆದರೆ ಆ ಸಲ ಚಳಿ ಜೋರಾಗಿತ್ತು, ಜನ ಕಡಿಮೆ ಕೇಳುತ್ತಾರೆ ಎಂದು ಅವಳ ಮನಸ್ಸಿಗೆ ಹೊಳೆಯಿತು, ಕಡಿಮೆ ಬರೆದಳು. ಹಂಚುವ ದಿನ ಎಲ್ಲರೂ ಬಂದರು. ಬೇರೆ ಸಲ ಕೊರತೆಯಾದರೆ ಪಕ್ಕದ ಕೇಂದ್ರದಿಂದ ಕಡ ತರುತ್ತಿದ್ದಳು. ಅವತ್ತು ಅಲ್ಲೂ ಇರಲಿಲ್ಲ. ಸಾಲಿನಲ್ಲಿ ಕೊನೆಗೆ ನಿಂತಿದ್ದವನು ಬೊಮ್ಮಯ್ಯ. ಅವನು ಒಕ್ಕೂಟಕ್ಕೆ ದೂರು ಕೊಟ್ಟ. ಒಕ್ಕೂಟದವರು ರಿಜಿಸ್ಟರ್ ತರಿಸಿ ನೋಡಿದರು. ಅಂದಾಜು, ಬೇಡಿಕೆ ಎರಡೂ ಸರಿಯಾಗಿದ್ದವು, ಪಕ್ಕದಲ್ಲಿ ಷರಾ ಇತ್ತು. ತಡ ಮಾಡಿ ಬಂದು ಹೆಣ್ಣುಮಗಳ ಮೇಲೆ ಗೂಬೆ ಕೂರಿಸುತ್ತೀಯಾ ಎಂದು ನಾಲ್ಕು ಜನರ ಮುಂದೆ ಬೈದು ಕಳಿಸಿದರು. ಅವನ ತೋಟದ ಸೊಪ್ಪು ಕುರಿ ತಿಂದವು. ಅವನಿಗೆ ಲೇಟ್ ಬೊಮ್ಮಯ್ಯ ಎಂಬ ಹೆಸರು ಬಿತ್ತು. ಚಹಾ ಅಂಗಡಿಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಮಗಳ ಬೀಗರ ಎದುರಿಗೂ ಅದೇ ಹೆಸರು. ಅಂದಿನಿಂದ ಅವನು ಹುಳು ಹಂಚುವ ದಿನ ಬೆಳಗಿನ ಐದಕ್ಕೇ ಬಂದು ತೊಟ್ಟಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದ. ಈಶ್ವರಮ್ಮ ಬಾಗಿಲು ತೆಗೆದ ಕೂಡಲೇ ಮೊದಲು ಕಾಣುವ ಮುಖ ಅವನದು. ಬೇಗ ಬಂದಿದ್ದೀಯಲ್ಲ ಎಂದು ಅವಳು ಕೇಳಿದವಳಲ್ಲ.

ಮುಂದಿನ ಸೋಮವಾರ ಮಡಕಶಿರಾದ ಒಕ್ಕೂಟದ ಕಚೇರಿಯಲ್ಲಿ ಫಲಿತಾಂಶ ಓದಿದರು. ಬ್ಯಾಚಿಗೆ ಸರಾಸರಿ ಎಷ್ಟು ಮೊಟ್ಟೆ ತಪ್ಪಾಯಿತು ಎಂಬುದು ಲೆಕ್ಕ. ಹೋದ ವರ್ಷದ ಅಂಕಿ ಎಂಬತ್ತೈದು ತಪ್ಪಿತ್ತು. ಪ್ರೋಗ್ರಾಂ ಮೂವತ್ತೆಂಟು. ಈಶ್ವರಮ್ಮ ಏಳು. ಅಧ್ಯಕ್ಷ ಗಂಗಾಧರಪ್ಪ ಮೇಜು ತಟ್ಟಿ ನಕ್ಕ. ಕನ್ನಡ ತೆಲುಗು ಬೆರೆಸಿ ಮಾತಾಡುವ ದೊಡ್ಡ ದನಿಯ ಮನುಷ್ಯ ಅವನು.

“ಚೂಶಾರಾ, ನೋಡಿದ್ರಾ, ಏಳು. ಮಿಷನ್ನೂ ಬ್ಯಾಡ, ಏನೂ ಬ್ಯಾಡ. ಮುಂದಿನ ತಿಂಗಳಿಂದ ಏಳು ಸೆಂಟರಿಗೂ ಮೊಟ್ಟೆ ಬರೆಯೋದು ಈಶ್ವರಮ್ಮನೇ. ಎಂಟತ್ತು ಸಾವಿರ ಮೊಟ್ಟೆ ಒಂದೊಂದು ಬ್ಯಾಚಿಗೆ. ಇಲ್ಲೇ ಒಂದು ರೂಮು ಕೊಡ್ತೀವಿ, ಬೋರ್ಡಲ್ಲಿ ಹೆಸರು ಬರೆಸ್ತೀವಿ.”

ಎಲ್ಲರೂ ಚಪ್ಪಾಳೆ ಹೊಡೆದರು. ಓಬುಲೇಶ್ ಕೂಡ ಹೊಡೆದ, ಅವನ ಮುಖದಲ್ಲಿ ಹೊಟ್ಟೆಕಿಚ್ಚಿನ ಸುಳಿವಿರಲಿಲ್ಲ. ಈಶ್ವರಮ್ಮ ಕುರ್ಚಿಯ ಕೈ ಹಿಡಿದು ಕೂತಿದ್ದಳು. ಇಷ್ಟು ದಿನ ತನ್ನ ಒಂಬತ್ತು ಹಳ್ಳಿಯಲ್ಲಿ ತಪ್ಪಾದರೆ ಹೇಗೋ ತೂಗಿಸುತ್ತಿದ್ದಳು. ಏಳು ಕೇಂದ್ರದ್ದು ತಪ್ಪಾದರೆ ಕಡ ಕೇಳಲು ಪಕ್ಕದ ಕೇಂದ್ರವೇ ಇರುವುದಿಲ್ಲ. ಎಷ್ಟು ಗುಂಡಿ ತೋಡಬೇಕು, ಎಷ್ಟು ಬೊಮ್ಮಯ್ಯಂದಿರಿಗೆ ಹೆಸರಿಡಬೇಕು ಎಂದು ಯೋಚಿಸಿ ಅವಳಿಗೆ ನಿಜವಾಗಿ ಭಯವಾಯಿತು. ಆದರೂ ಬೋರ್ಡಿನ ಮೇಲಿನ ಹೆಸರು ಕಣ್ಣ ಮುಂದಿನಿಂದ ಹೋಗಲಿಲ್ಲ. ಎರಡೂ ಇದ್ದವು, ಒಂದರ ಪಕ್ಕದಲ್ಲಿ ಒಂದು.

ಊರಿಗೆ ಬಂದು ಸರ್ವಮಂಗಳಮ್ಮನ ಹತ್ತಿರ ಹೇಳಿಕೊಂಡಳು. ಇಪ್ಪತ್ತು ವರ್ಷದಿಂದ ಜೊತೆಯಲ್ಲಿ ಸೊಪ್ಪು ಹೆಚ್ಚಿದವಳು, ಕಾಲಮ್ಮಿನ ಗುಟ್ಟು ಗೊತ್ತಿದ್ದ ಒಬ್ಬಳೇ ಒಬ್ಬಳು.

“ಯಾರ್ ಬರಿಯಲ್ಲ ಹೇಳು ಅಂಗೆ” ಎಂದಳು ಸರ್ವಮಂಗಳಮ್ಮ, ಕತ್ತಿ ನಿಲ್ಲಿಸದೆ. “ಸುಮ್ಕಿರು. ನೀನಾಗಿ ಹೋಗಿ ಮೈಮ್ಯಾಲೆ ಎಳ್ಕಬ್ಯಾಡ.”

“ಆ ಹುಡುಗ ಬೊಮ್ಮಣ್ಣನ ಸಾಲು ತೋರ್ಸಿ ಹೊಗಳ್ದ ಕಣೆ ನನ್ನ.”

ಸರ್ವಮಂಗಳಮ್ಮನ ಕತ್ತಿ ನಿಂತಿತು.

ಮಾರನೇ ದಿನ ಬೆಳಗಿನ ಬಸ್ಸಿಗೆ ಈಶ್ವರಮ್ಮ ಒಂದು ಬಿಸ್ಕತ್ತಿನ ಡಬ್ಬ ಮಡಿಲಲ್ಲಿಟ್ಟುಕೊಂಡು ಮಡಕಶಿರಾಕ್ಕೆ ಹೊರಟಳು. ಡಬ್ಬದಲ್ಲಿ ಬಿತ್ತನೆ ಕೋಠಿಗೆ ಬರೆದ ಚೀಟಿಗಳ ಕಾರ್ಬನ್ ಪ್ರತಿಗಳಿದ್ದವು. ಇಪ್ಪತ್ತು ದಿನ ಮೊದಲು, ಏನೂ ಗೊತ್ತಿಲ್ಲದಾಗ ಅವಳು ಬರೆದ ಅಂಕಿಗಳು. ಅವಳ ನಿಜವಾದ ಅಂದಾಜು ಇದ್ದದ್ದು ಅಲ್ಲಿ. ಓಬುಲೇಶ್ ಒಕ್ಕೂಟದ ಕಚೇರಿಯಲ್ಲಿ ಊರಿಗೆ ಹೊರಡಲು ಚೀಲ ಕಟ್ಟುತ್ತಿದ್ದ.

“ಕಾಲಮ್ಮಲ್ಲಿರೋದು ಹಂಚಿದ್ ಮೇಲೆ ಬರ್ದಿದ್ದಪ್ಪ” ಎಂದಳು, ಕೂರುವ ಮೊದಲೇ. “ನಾನು ತರ್ಸಿದ್ದು ಇದು. ನಿನ್ನ ರಟ್ಟು ನನ್ಗೆ ಒಂದ್ಸಲಾನೂ ಮುಚ್ಚಿರ್ಲಿಲ್ಲ.”

ಅವನು ಬಹಳ ಹೊತ್ತು ಚೀಟಿಗಳನ್ನು ತಿರುವಿ ನೋಡಿದ. ಬೈಯುತ್ತಾನೆ ಎಂದು ಅವಳು ಕಾದಳು. ಅವನು ಬೇರೇನೋ ಕೇಳಿದ.

“ಸೊಪ್ಪು ಸಿದ್ಧ ಇರೋ ತೋಟ, ಎಕರೆ ಅಂತ ಇನ್ನೊಂದು ಕಾಲಂ ಐತಲ್ರಿ. ಅದನ್ನ ಯಾವಾಗ ಬರೀತಿದ್ರಿ?”

“ಅದೂ ಆವತ್ತೇ. ತೋಟ ಸುತ್ತಿ ಬರೀಬೇಕು ಅಂತ ನೇಮ. ಒಂಬತ್ತು ಹಳ್ಳಿ ಯಾರ್ ಸುತ್ತಾರು? ಹಂಚಿದ ಮೊಟ್ಟೆನ ಎಕರೆಗೆ ನೂರೈವತ್ತರಂಗೆ ಭಾಗ್ಸಿ, ಅರ್ಧ ಎಕರೆಗೆ ಸರಿಮಾಡಿ ಹಾಕ್ತಿದ್ದೆ.”

ಓಬುಲೇಶ್ ಕುರ್ಚಿಗೆ ಒರಗಿದ. “ನನ್ನ ಪ್ರೋಗ್ರಾಂ ಅದ ಕಾಲಮ್ಮನ್ನ ನೋಡಿ ಹೇಳತಿತ್ರಿ. ಹಂಗಾದ್ರ ಉತ್ತರಾನ ಬ್ಯಾರೆ ಹೆಸರಲ್ಲಿ ಅದರ ಕೈಗೆ ಕೊಟ್ಟಂಗಾತು. ರಟ್ಟು ಅದಕ್ಕೂ ಮುಚ್ಚಿರಲಿಲ್ಲ ಬಿಡ್ರಿ.” ಅವನ ಮುಖ ಸಪ್ಪಗಾಯಿತು. ಒಂದು ವರ್ಷದ ದುಡಿಮೆ ಅದರಲ್ಲಿತ್ತು. ಈಶ್ವರಮ್ಮನಿಗೆ ತನ್ನ ವಿಷಯಕ್ಕಿಂತ ಆ ಹುಡುಗನ ಮುಖ ನೋಡಿ ಹೆಚ್ಚು ಸಂಕಟವಾಯಿತು.

ಕಟ್ಟಿದ ಚೀಲ ಬಿಚ್ಚಿದರು. ಆ ಇಡೀ ದಿನ ಇಬ್ಬರೂ ಕೂತು ಮತ್ತೆ ಮೊದಲಿನಿಂದ ರಟ್ಟು ಇಳಿಸಿದರು. ಎಕರೆಯ ಕಾಲಂ ತೆಗೆದುಹಾಕಿದರು, ಅವಳ ಅಂದಾಜಿನ ಜಾಗಕ್ಕೆ ಚೀಟಿಯ ಅಂಕಿ ಹಾಕಿದರು, ಬೊಮ್ಮಯ್ಯನ ನೂರೈವತ್ತನ್ನು ಬೇಡಿಕೆಗೆ ಸೇರಿಸಿದರು. ಮಧ್ಯಾಹ್ನ ಅವಳು ತಂದಿದ್ದ ರಾಗಿ ಮುದ್ದೆಯನ್ನು ಹಂಚಿಕೊಂಡರು. ಅವನಿಗೆ ಜೋಳದ ರೊಟ್ಟಿಯ ಅಭ್ಯಾಸ, ಮುದ್ದೆಯನ್ನು ಅಗಿಯಲು ಹೋಗಿ ಬೈಸಿಕೊಂಡ. ಸಂಜೆಯ ಹೊತ್ತಿಗೆ ಲೆಕ್ಕ ಮುಗಿಯಿತು. ಪ್ರೋಗ್ರಾಂ ತೊಂಬತ್ತೊಂದು ತಪ್ಪಿತ್ತು. ಈಶ್ವರಮ್ಮ ನೂರಾ ನಾಲ್ಕು. ಕಣ್ಮುಚ್ಚಿ ಹೇಳಿದ ಹೋದ ವರ್ಷದ ಅಂಕಿ ಎಂಬತ್ಮೂರು.

“ಅಂದ್ರೆ ನಾನು ಏನೂ ಯೋಚ್ನೆ ಮಾಡ್ದೆ, ಹೋದ್ ವರ್ಷದ್ ಪುಟ ನೋಡಿ ಬರ್ದಿದ್ರೆ ವಾಸಿಯಾಗಿರದು.”

“ನಾನೂ ಅಷ್ಟ ರೀ. ನಮ್ಮಪ್ಪನ್ನ ಕೇಳಿದ್ರ ಒಂದು ವರ್ಷ ಉಳೀತಿತ್ತು.”

ಅವಳು ಲ್ಯಾಪ್‌ಟಾಪಿನಲ್ಲಿ ಸಂಕ್ರಾಂತಿಯ ಸಾಲಿಗೆ ಬೆರಳಿಟ್ಟಳು. ಹೋದ ವರ್ಷದ ಅಂಕಿ ಸಾವಿರದ ಮುನ್ನೂರ ಹತ್ತು. ನಿಜವಾದ ಬೇಡಿಕೆ ಸಾವಿರದ ಮುನ್ನೂರ ಮೂವತ್ತು. ಇಪ್ಪತ್ತೇ ಕೊರತೆ. ಆ ಅಂಕಿ ಅವಳು ಚೀಟಿ ಬರೆದ ಕೋಣೆಯ ಬೀರುವಿನಲ್ಲೇ, ಅವಳದೇ ಅಕ್ಷರದಲ್ಲಿ ಇತ್ತು. ಚಳಿಯ ಬಗ್ಗೆ ತನಗೆ ಏನೋ ಹೊಳೆಯಿತು ಎಂದು ಅದನ್ನು ತಿರುಗಿಯೂ ನೋಡಿರಲಿಲ್ಲ. ಬೊಮ್ಮಯ್ಯನ ಎರಡೂವರೆ ವರ್ಷ ಆ ಹೊಳೆದದ್ದರ ಮೇಲೆ ಹೋಗಿತ್ತು. ಅವಳು ಕಚೇರಿಯಲ್ಲಿ ಅಳಲಿಲ್ಲ, ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಅತ್ತಳು.

ಒಕ್ಕೂಟದ ಮುಂದಿನ ಸಭೆಯಲ್ಲಿ ಅವಳೇ ಎದ್ದು ನಿಂತು ಎಲ್ಲವನ್ನೂ ಹೇಳಿದಳು. ಗಂಗಾಧರಪ್ಪನಿಗೆ ಸಿಟ್ಟು ಬಂತು. ಅವಳ ಮೇಲೆ ಬಂದದ್ದಕ್ಕಿಂತ, ಬೋರ್ಡು ಬರೆಯಲು ಪೇಂಟರನಿಗೆ ಹೇಳಿಬಿಟ್ಟಿದ್ದೇನಲ್ಲ ಎಂಬುದಕ್ಕೆ ಹೆಚ್ಚು ಬಂದಂತಿತ್ತು. ಬೇರೆ ಆರು ಕೇಂದ್ರದವರು ತಲೆ ತಗ್ಗಿಸಿ ಕೂತಿದ್ದರು. ನಿಮ್ಮ ಕಾಲಂ ಯಾವಾಗ ತುಂಬುತ್ತೀರಿ ಎಂದು ಅಧ್ಯಕ್ಷ ಒಬ್ಬೊಬ್ಬರನ್ನಾಗಿ ಕೇಳಿದಾಗ ಎಲ್ಲರೂ ಪಕ್ಕದವರ ಮುಖ ನೋಡಿದರು. ಕೊನೆಗೆ ಹೀಗೆ ತೀರ್ಮಾನವಾಯಿತು. ಏಳು ಕೇಂದ್ರದ ಉಸ್ತುವಾರಿ ಯಾರಿಗೂ ಇಲ್ಲ. ಪ್ರತಿ ಕೇಂದ್ರವೂ ಹೋದ ವರ್ಷದ ಅದೇ ಬ್ಯಾಚಿನ ಬೇಡಿಕೆಯಷ್ಟು ಮೊಟ್ಟೆ ತರಿಸಬೇಕು; ಬದಲಾಯಿಸುವುದಾದರೆ ಕಾರಣವನ್ನು ಅಂದೇ ಇಂಕಿನಲ್ಲಿ ಬರೆದು, ಫೋಟೋ ತೆಗೆದು ಕಳಿಸಬೇಕು. ಆ ಫೋಟೋಗಳು ಓಬುಲೇಶನಿಗೆ ಹೋಗಬೇಕು. ಎರಡು ವರ್ಷದ ನಂತರ ಅವನು ಮತ್ತೆ ಬಂದು ರಟ್ಟು ಇಳಿಸುತ್ತಾನೆ.

“ಅಷ್ಟ್ರಲ್ಲಿ ಪ್ರೋಗ್ರಾಂ ಸರಿ ಮಾಡ್ಕಂಡ್ ಬಾರಪ್ಪ” ಎಂದಳು ಈಶ್ವರಮ್ಮ, ಅವನನ್ನು ಬಸ್ ಹತ್ತಿಸುವಾಗ.

“ಬರ್ತೀನ್ರಿ. ನೀವೂ ಚೀಟಿ ಜ್ವಾಪಾನ ಇಡ್ರಿ.”

ಶ್ರಾವಣದ ಬ್ಯಾಚು ಬಂತು. ಹೋದ ವರ್ಷ ಇದೇ ಬ್ಯಾಚಿಗೆ ಸಾವಿರದ ಇನ್ನೂರ ನಲವತ್ತು ಬೇಡಿಕೆ ಇತ್ತು, ಅಷ್ಟನ್ನೇ ಬರೆದಿದ್ದಳು, ಇಪ್ಪತ್ತು ದಿನ ಮೊದಲೇ, ಇಂಕಿನಲ್ಲಿ. ಹಂಚುವ ದಿನ ಬೆಳಗಿನ ಐದಕ್ಕೆ ಬಾಗಿಲು ತೆಗೆದರೆ ತೊಟ್ಟಿಯ ಪಕ್ಕದಲ್ಲಿ ಬೊಮ್ಮಯ್ಯ ಕೂತಿದ್ದ. ಈಶ್ವರಮ್ಮ ಒಳಗೆ ಹೋಗಿ ಹಳೆಯ ರಿಜಿಸ್ಟರ್ ತಂದು ಅವನ ಮುಂದೆ ತೆರೆದಳು. ತಡದ ಷರಾವನ್ನು ಅವಳು ಹೊಡೆದುಹಾಕಿರಲಿಲ್ಲ, ಕೆಳಗೆ ಇನ್ನೊಂದನ್ನು ಬರೆದು ಸಹಿ ಮಾಡಿ ತಾರೀಖು ಹಾಕಿದ್ದಳು. ಅವನು ಕನ್ನಡಕ ಏರಿಸಿಕೊಂಡು ಅಕ್ಷರ ಅಕ್ಷರವಾಗಿ ಓದಿದ. ಓದಿ ಮುಗಿಸಿ ಪುಸ್ತಕವನ್ನು ಅವಳ ಕೈಗೆ ಕೊಟ್ಟ.

“ನನ್ನ ಕ್ಷಮ್ಸು ಬೊಮ್ಮಣ್ಣ” ಎಂದಳು.

“ಎಲ್ರೂ ಬರ್ಲಿ” ಎಂದ ಅವನು. “ಅವ್ರಿಗೆಲ್ಲ ಕೇಳಂಗೆ ಓದು.”

ಏಳು ಗಂಟೆಗೆ ಸಾಲು ನಿಂತಿತು, ರೈತರು, ಮನೆಯವರು ಸೇರಿ ನಲವತ್ತು ಜನರಿಗೆ ಕಡಿಮೆ ಇರಲಿಲ್ಲ. ಈಶ್ವರಮ್ಮ ಜಗಲಿಯ ಮೇಲೆ ನಿಂತು ಓದಿದಳು. ‘ಸಂಕ್ರಾಂತಿ ಬ್ಯಾಚಿಗೆ ಬೊಮ್ಮಯ್ಯನವರು ನೂರೈವತ್ತು ಮೊಟ್ಟೆಯನ್ನು ಸರಿಯಾದ ಸಮಯಕ್ಕೆ ಕೇಳಿದ್ದರು. ನಾನು ಕಡಿಮೆ ತರಿಸಿದೆ. ತಡವಾಗಿ ಕೇಳಿದರು ಎಂದು ಬರೆದದ್ದು ಸುಳ್ಳು.’ ಅವತ್ತು ಬೇಡಿಕೆ ಸಾವಿರದ ಮುನ್ನೂರ ಹತ್ತಾಯಿತು. ಎಪ್ಪತ್ತು ಸಾಲಲಿಲ್ಲ. ಪಕ್ಕದ ಕೇಂದ್ರದಿಂದ ನಲವತ್ತು ಕಡ ಸಿಕ್ಕಿತು, ಮೂವತ್ತಕ್ಕೆ ಒಬ್ಬ ರೈತ ಬರಿಗೈಯಲ್ಲಿ ಹೋದ, ಹೋಗುವಾಗ ಬೈದುಕೊಂಡೇ ಹೋದ. ಅಂದಾಜು ೧೨೪೦, ಬೇಡಿಕೆ ೧೩೧೦ ಎಂದು ಬರೆದು, ಅವನ ಹೆಸರಿನ ಮುಂದೆ ‘ನನ್ನ ಅಂದಾಜು ಕಡಿಮೆ’ ಎಂದು ಸೇರಿಸಿ ಅವಳು ಪುಸ್ತಕ ಮುಚ್ಚಿದಳು.

ಹದಿನೈದು ದಿನದ ಮೇಲೆ ಮುಂದಿನ ಬ್ಯಾಚು ಹಂಚಬೇಕಿತ್ತು. ಐದು ಗಂಟೆಗೆ ಈಶ್ವರಮ್ಮ ಬಾಗಿಲು ತೆಗೆದಾಗ ತೊಟ್ಟಿಯ ಪಕ್ಕದಲ್ಲಿ ಯಾರೂ ಇರಲಿಲ್ಲ. ಏಳಕ್ಕೆ ಸಾಲು ನಿಂತಿತು, ಎಂಟೂವರೆಗೆ ಕರಗಿತು. ಎಲ್ಲರೂ ಹೋದ ಮೇಲೆ, ಒಂಬತ್ತೂವರೆಗೆ, ಬೊಮ್ಮಯ್ಯ ಎಲೆ ಅಡಿಕೆ ಅಗಿಯುತ್ತ ನಿಧಾನವಾಗಿ ನಡೆದು ಬಂದು, ಉಗುಳಿ ಬಾಯಿ ತೊಳೆದು, ತೊಟ್ಟಿಯಲ್ಲಿ ಕಾಲು ಅದ್ದಿದ. ಅವನ ನೂರೈವತ್ತು ಮೊಟ್ಟೆಯ ಹುಳು ನೆರಳಲ್ಲಿ ಒದ್ದೆ ಬಟ್ಟೆಯ ಕೆಳಗೆ ಬೇರೆ ಇಟ್ಟಿತ್ತು.